ಅತ್ತೆ ನನ್ನ ಜೊತೆ ಸರ್ವೆಗೆ ಬಂದ ಎರಡು ವರ್ಷ

ಮದುವೆಯಾಗಿ ಚುಂಚನಕಟ್ಟೆಗೆ ಬಂದಾಗ ನನ್ನ ಪೆಟ್ಟಿಗೆಯಲ್ಲಿ ಸೀರೆಗಳಿಗಿಂತ ಪುಸ್ತಕಗಳೇ ಹೆಚ್ಚಿದ್ದವು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮೈಸೂರಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಸೇರಿದ್ದೆ, ಸಣ್ಣದೊಂದು ಫೆಲೋಶಿಪ್ ಕೂಡ ಸಿಕ್ಕಿತ್ತು. ನನ್ನ ಗಂಡ ಕೆ.ಆರ್.ನಗರದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಮಾವನಿಗೆ ನಾಲೆಯ ಕೆಳಗೆ ಗದ್ದೆ. ಓದು ನಿಲ್ಲಿಸು ಎಂದು ಆ ಮನೆಯಲ್ಲಿ ಯಾರೂ ಹೇಳಲಿಲ್ಲ. ಪೇಚಾಟ ಶುರುವಾದದ್ದು ತಿರುಗಾಟದ ಮಾತು ಬಂದಾಗ.

ನನ್ನ ಸಂಶೋಧನೆಯ ವಿಷಯವನ್ನು ಇಲ್ಲಿ ಒಂದಿಷ್ಟು ಹೇಳಲೇಬೇಕು. ದೇಶದ ಕೇಂದ್ರ ಬ್ಯಾಂಕು ಆಗಾಗ ಬಡ್ಡಿ ದರವನ್ನು ಇಳಿಸುತ್ತದೆ, ಇಲ್ಲವೇ ಏರಿಸುತ್ತದೆ. ಇಳಿಸಿದಾಗ ಸಾಲ ಅಗ್ಗವಾಗುತ್ತದೆ, ಜನ ಸಾಲ ಪಡೆದು ಕಸುಬು ಬೆಳೆಸುತ್ತಾರೆ ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಆದರೆ ಸಾಲ ಕೊಡುವವರಿಗೆ ಅಡಮಾನ ಬೇಕು. ಅಕ್ಕಿ ಗಿರಣಿಯ ಯಂತ್ರ, ತಂಬಾಕು ಬೇಯಿಸುವ ಬ್ಯಾರನ್, ಲಾರಿ, ಜಮೀನು, ಇವೆಲ್ಲ ಕಣ್ಣಿಗೆ ಕಾಣುವ ಆಸ್ತಿ. ವರ್ಷಗಟ್ಟಲೆ ಕೂತು ನಾಲ್ಕು ಜನಕ್ಕೆ ಕೆಲಸ ಕಲಿಸಿದ್ದು, ಸುತ್ತಲ ಹಳ್ಳಿಗಳಲ್ಲಿ ಗಳಿಸಿದ ಹೆಸರು, ಇವೂ ಹೂಡಿಕೆಯೇ. ಆದರೆ ಕಣ್ಣಿಗೆ ಕಾಣುವುದಿಲ್ಲ, ಅಡಮಾನ ಇಡಲು ಬರುವುದಿಲ್ಲ. ಇಂಥ ಕಾಣದ ಹೂಡಿಕೆಯನ್ನೇ ನಂಬಿ ಬದುಕುವವರಿಗೆ ಬಡ್ಡಿ ಇಳಿದದ್ದು ಮುಟ್ಟುತ್ತದೆಯೇ? ಇದು ನನ್ನ ಪ್ರಶ್ನೆ. ಇದಕ್ಕಾಗಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳ ಸಣ್ಣ ಕಸುಬುದಾರರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಬೇಕಿತ್ತು. ಬಡ್ಡಿ ಇಳಿಯತೊಡಗಿದ್ದ ಸಮಯ ಅದು. ಒಂದು ಸಲ ಹೋಗಿ ಬಂದು, ವರ್ಷ ಬಿಟ್ಟು ಮತ್ತೆ ಅದೇ ಮನೆಗಳಿಗೆ ಹೋಗಿ ಏನು ಬದಲಾಯಿತೆಂದು ನೋಡಬೇಕು ಎಂದು ನನ್ನ ಗೈಡ್ ಮೇಡಂ ಹೇಳಿದ್ದರು.

ಊಟಕ್ಕೆ ಕೂತಾಗ ಈ ವಿಷಯ ತೆಗೆದೆ. ಮಾವ ತುತ್ತು ಕೈಯಲ್ಲೇ ಹಿಡಿದುಕೊಂಡು ಕೇಳಿದರು.

"ಊರೂರ್ ತಿರುಗ್ಬೇಕಾ? ಒಬ್ಳೇನಾ?"

"ಹೂಂ ಮಾವ. ಬೆಳಿಗ್ಗೆ ಹೋಗಿ ಸಂಜೆ ಒಳಗೆ ಬಂದುಬಿಡ್ತೀನಿ."

"ಓದು ಬ್ಯಾಡ ಅನ್ನಾಕಿಲ್ಲ ಕಣವ್ವ ನಾನು. ಆದ್ರೆ ಕಾಡಂಚಿನ ಅಳ್ಳಿಗೆಲ್ಲ ಎಣ್ಮಗ ಒಬ್ಳೇ ಓಗದು ನಂಗೆ ಸರಿ ಕಾಣಾಕಿಲ್ಲ."

ನನ್ನ ಗಂಡನಿಗೆ ಶಾಲೆ ಬಿಟ್ಟು ಬರಲು ಆಗುತ್ತಿರಲಿಲ್ಲ. ಅಷ್ಟರಲ್ಲಿ ಸಾರಿನ ಪಾತ್ರೆ ಹಿಡಿದು ನಿಂತಿದ್ದ ಅತ್ತೆ, "ನಾನ್ ಓಯ್ತೀನಿ ಬುಡಿ ಅವಳ ಜೊತೆ" ಅಂದರು.

ಎಲ್ಲರೂ ಅವರತ್ತ ನೋಡಿದೆವು. ಅತ್ತೆಗೆ ಆಗ ಐವತ್ತು ದಾಟಿತ್ತು. ಪಿರಿಯಾಪಟ್ಟಣದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವರು ತವರಿಗೆ, ಸಂತೆಗೆ, ಹೆರಿಗೆಗೆ ಬಿಟ್ಟರೆ ಎಲ್ಲಿಗೂ ಹೋದವರಲ್ಲ.

"ನೀನೋಗಿ ಏನ್ಮಾಡೀಯೆ?" ಮಾವ ಕೇಳಿದರು.

"ಕೂತಿರ್ತೀನಿ. ಅವ್ಳು ಬರ್ಕೋತಾಳೆ, ನಾನ್ ನೋಡ್ಕೋತೀನಿ. ದನಗಳ್ನ ನೀವ್ ನೋಡ್ಕಳಿ, ಅಷ್ಟೇಯ."

ಮಾವ ನಕ್ಕುಬಿಟ್ಟರು. ಹಾಗೆ ತೀರ್ಮಾನವಾಯಿತು.

ಮೊದಲ ದಿನ ಹೋದದ್ದು ಹುಣಸೂರಿಗೆ. ಅತ್ತೆ ಬೆಳಿಗ್ಗೆಯೇ ಕೆಲಸ ಮುಗಿಸಿ, ಮದುವೆ ಮನೆಗೆ ಉಡುವ ಸೀರೆ ಉಟ್ಟು, ಕನಕಾಂಬರ ಮುಡಿದು ನಿಂತಿದ್ದರು. "ಅತ್ತೆ, ಇಷ್ಟೊಂದು ಬೇಡ" ಅಂದೆ. "ಅವರ ಮನೆ ಒಳಿಕ್ ಓಗಾದಲ್ವಾ, ಇಂಗೇ ಇರ್ಬೇಕು" ಅಂದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರು ಕೊನೆಯವರೆಗೂ ತಲೆ ಈಚೆಗೆ ತಿರುಗಿಸಲಿಲ್ಲ. ಹೊಲದಲ್ಲಿ ತಂಬಾಕು ಮುರಿಯುತ್ತಿದ್ದವರನ್ನು ನೋಡುತ್ತ, ಬ್ಯಾರನ್ನುಗಳ ಹೊಗೆ ನೋಡುತ್ತ, "ಇದ್ಯಾವೂರು? ಇದ್ಯಾವೂರು?" ಎಂದು ಪ್ರತಿ ಸ್ಟಾಪಿನಲ್ಲೂ ಕೇಳುತ್ತಿದ್ದರು. ನನಗೂ ಎಲ್ಲ ಗೊತ್ತಿರಲಿಲ್ಲ. ಕಂಡಕ್ಟರನನ್ನೇ ಕೇಳತೊಡಗಿದರು. ಅವನು ಮೊದಮೊದಲು ಗೊಣಗಿ, ಆಮೇಲೆ ತಾನಾಗಿಯೇ ಹೇಳುತ್ತ ಬಂದ.

ಹುಣಸೂರಿನ ಒಂದು ಓಣಿಯಲ್ಲಿ ಟೈಲರ್ ಒಬ್ಬರಿದ್ದರು. ಮನೆಯ ಮುಂಭಾಗದಲ್ಲೇ ಅಂಗಡಿ. ಹತ್ತಿರದ ಹಳ್ಳಿಗಳ ಹುಡುಗಿಯರನ್ನು ಕರೆದು ಹೊಲಿಗೆ ಕಲಿಸಿ, ಅವರಿಂದಲೇ ಕೆಲಸ ಮಾಡಿಸುತ್ತಿದ್ದರು. ನಾನು ಪ್ರಶ್ನಾವಳಿ ತೆಗೆದು, "ಕೆಲಸಗಾರರಿಗೆ ತರಬೇತಿ ಕೊಡೋದಕ್ಕೆ ನೀವು ಎಷ್ಟು ಹೂಡಿಕೆ ಮಾಡಿದ್ದೀರಿ?" ಎಂದು ಕೇಳಿದೆ. ಅವರು ಕತ್ತರಿ ಕೆಳಗಿಟ್ಟು, "ಊಡಿಕೆನಾ? ನಾನೇನ್ ಊಡ್ದೆ ಮೇಡಂ? ಅವರೇ ಬಂದ್ರು, ಕಲ್ತ್ರು" ಅಂದರು. ಬೇರೆ ಬೇರೆ ರೀತಿ ಕೇಳಿದೆ. ಅವರು ಹೌದು, ಇಲ್ಲ ಅನ್ನುವುದರಲ್ಲೇ ಮುಗಿಸುತ್ತಿದ್ದರು. ನಾನು ಬ್ಯಾಂಕಿನವಳೋ ತೆರಿಗೆಯವಳೋ ಎಂಬ ಅನುಮಾನ ಅವರ ಮುಖದಲ್ಲೇ ಇತ್ತು.

ಅತ್ತೆ ಅಷ್ಟು ಹೊತ್ತಿಗೆ ಒಳಗೆ ಹೋಗಿಯಾಗಿತ್ತು. ಟೈಲರ್ ಹೆಂಡತಿ ಅವರಿಗೆ ಟೀ ಕೊಟ್ಟು, ನಗುತ್ತ ಏನೋ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಈಚೆ ಬಂದರು. ಆ ಹೆಂಗಸು ಗಂಡನ ಕಡೆ ನೋಡಿ, "ಏಳಿ ಮತ್ತೆ, ಆ ಉಡ್ಗೀರು ಕೆಡಿಸಿದ್ ಬಟ್ಟೆಗೆಲ್ಲ ನಾವೇ ಅಲ್ವಾ ಒಸ ಬಟ್ಟೆ ತಂದ್ಕೊಟ್ಟಿದ್ದು? ಒಬ್ಳು ಕಲೀಬೇಕಾದ್ರೆ ವರ್ಸ ಓಯ್ತದೆ, ಆಮೇಲ್ ಮದ್ವೆ ಆಗಿ ಒಂಟೋಯ್ತಾಳೆ" ಅಂದಳು. ಟೈಲರ್ ನಿಟ್ಟುಸಿರು ಬಿಟ್ಟು, ಕುರ್ಚಿ ಎಳೆದುಕೊಂಡು ಕೂತು, ಹೇಳತೊಡಗಿದರು. ನನಗೆ ಬೇಕಾದದ್ದೆಲ್ಲ ಅಲ್ಲಿತ್ತು.

ಆಮೇಲೆ ಎಲ್ಲಿಗೆ ಹೋದರೂ ಇದೇ ಕ್ರಮವಾಯಿತು. ನಾನು ಅಂಗಡಿಯಲ್ಲಿ, ಅತ್ತೆ ಒಳಮನೆಯಲ್ಲಿ. ಗಾವಡಗೆರೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಒಬ್ಬರ ಮನೆಯಲ್ಲಿ ಬಾಣಂತಿ ಇದ್ದಳು; ಅತ್ತೆ ಮಗುವಿಗೆ ನೀರು ಹಾಕಿಕೊಟ್ಟು ಬಂದರು. ಹಿಂದಿರುಗುವ ಬಸ್ಸಿನಲ್ಲಿ ನಾನು ಉತ್ತರಗಳನ್ನು ತಿದ್ದಿ ಬರೆಯುತ್ತಿದ್ದರೆ ಅವರು ಕಿಟಕಿಗೆ ಒರಗಿಕೊಂಡು ಆ ಮನೆಯ ಮಂದಿಯ ವಿಚಾರವೆಲ್ಲ ಹೇಳುವರು. ನನ್ನ ಹಾಳೆಗಳಿಗೆ ಅದರಲ್ಲಿ ಒಂದಂಶವೂ ಬೇಕಿರಲಿಲ್ಲ. ಆದರೂ ಕೇಳಿಸಿಕೊಳ್ಳುತ್ತಿದ್ದೆ.

ಎಲ್ಲವೂ ಸುಗಮವಾಗಿ ನಡೆಯಿತೆಂದಲ್ಲ. ಕೆ.ಆರ್.ನಗರದ ಪಕ್ಕದ ಹಳ್ಳಿಯೊಂದರಲ್ಲಿ ನಾನು ಒಬ್ಬೊಬ್ಬರನ್ನು ಮಾತಾಡಿಸುತ್ತಿರುವಾಗ ಸುತ್ತ ಜನ ಕೂಡಿಕೊಂಡರು. ಪ್ರತಿಯೊಬ್ಬರೂ ತಮ್ಮ ಕಸುಬು ನೆಲ ಕಚ್ಚಿದೆ, ಬ್ಯಾಂಕಿನವರು ಹತ್ತಿರವೂ ಸೇರಿಸುವುದಿಲ್ಲ ಎಂದು ಒಂದೇ ರಾಗ ಹಾಡಿದರು. ಆಮೇಲೆ ಗೊತ್ತಾಯಿತು, ಅತ್ತೆ ಜಗಲಿಯಲ್ಲಿ ಕೂತು ಎಲ್ಲರಿಗೂ, "ನಮ್ ಸೊಸೆ ಬರ್ಕೊಂಡೋಯ್ತವ್ಳೆ. ಬರ್ಸ್ಕಂಡೋರಿಗೆ ಸಾಲ ಸಿಕ್ತದೆ" ಎಂದು ಹೇಳಿದ್ದರು.

ದಾರಿಯಲ್ಲಿ ನನಗೆ ಕೋಪ ತಡೆಯಲಾಗಲಿಲ್ಲ. "ಯಾಕತ್ತೆ ಹಾಗೆ ಹೇಳಿದ್ರಿ? ನಾನು ಯಾರಿಗೂ ಸಾಲ ಕೊಡಿಸೋಕಾಗಲ್ಲ. ಇವತ್ತು ಬರೆದಿದ್ದೆಲ್ಲ ದಂಡ."

"ಕೊಡ್ಸಾಕಾಗಲ್ಲ ಅಂದ್ರೆ ಮತ್ಯಾಕ್ ಬರ್ಕೊಂಡೋಗದು?" ಅತ್ತೆ ನಿಜವಾಗಿಯೂ ಅರ್ಥವಾಗದೆ ಕೇಳಿದರು.

"ತಿಳ್ಕೊಳ್ಳೋಕೆ. ಪುಸ್ತಕದಲ್ಲಿ ಬರೆಯೋಕೆ."

"ಬರದ್ರೆ ಅವ್ರಿಗೆ ಏನ್ ಬತ್ತದೆ?"

ಇದಕ್ಕೆ ಉತ್ತರವಾಗಿ ನಾನು ನೀತಿ, ಸರ್ಕಾರ, ಮುಂದೆ ಯಾವತ್ತೋ ಆಗಬಹುದಾದ ಬದಲಾವಣೆ ಎಂದೆಲ್ಲ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡು ಮುಂದೆ ನಡೆದರು. ಮನೆಗೆ ಬಂದ ಮೇಲೂ ಮಾತಾಡಲಿಲ್ಲ. ಮೇಡಂ ಆ ಊರಿನ ಹಾಳೆಗಳನ್ನೆಲ್ಲ ಬಿಟ್ಟುಬಿಡಲು ಹೇಳಿದರು. ಮುಂದಿನ ಸಲ ಹೊರಡುವಾಗ ಅತ್ತೆ ಬರುತ್ತಾರೋ ಇಲ್ಲವೋ ಎಂದು ನಾನು ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ಕನಕಾಂಬರ ಮುಡಿದುಕೊಂಡು ಬಂದವರೇ, "ಇವತ್ತು ಬಾಯ್ ಬುಡಾಕಿಲ್ಲ, ನಡಿ" ಅಂದರು. ಬಾಯಿ ಬಿಟ್ಟರು, ನಿಜ. ಆದರೆ ಸಾಲದ ಮಾತು ಮತ್ತೆಂದೂ ಆಡಲಿಲ್ಲ.

ಎಚ್.ಡಿ.ಕೋಟೆಯಿಂದ ಇನ್ನೂ ಮುಂದೆ ಒಂದು ಹಳ್ಳಿಯಲ್ಲಿ ವಾಲಗದ ತಂಡವಿತ್ತು. ತಂಡದ ಹಿರಿಯರಿಗೆ ವಯಸ್ಸಾಗಿತ್ತು. ಅಣ್ಣತಮ್ಮಂದಿರ ಮಕ್ಕಳನ್ನೆಲ್ಲ ಕೂರಿಸಿಕೊಂಡು ವರ್ಷಾನುಗಟ್ಟಲೆ ನಾಗಸ್ವರ, ಡೋಲು ಕಲಿಸಿದ್ದರು. ಮೂರು ತಾಲ್ಲೂಕಿನ ಮದುವೆಗಳಿಗೆ ಅವರೇ ಹೋಗಬೇಕು. ಒಂದು ಹಳೆ ವ್ಯಾನು ಕೊಂಡರೆ ಕೇರಳದ ಗಡಿಯವರೆಗೂ ಹೋಗಿ ನುಡಿಸಬಹುದೆಂದು ಬ್ಯಾಂಕಿಗೆ ಹೋಗಿದ್ದರಂತೆ. ಅಲ್ಲಿನ ಮ್ಯಾನೇಜರ್ ಮರ್ಯಾದೆಯಿಂದಲೇ ಕೂರಿಸಿ, "ನಿಮ್ಮ ಹೆಸರು ನಾನೂ ಕೇಳಿದ್ದೀನಿ. ಆದರೆ ಬರೀ ಹೆಸರಿನ ಮೇಲೆ ಸಾಲ ಕೊಡೋಕೆ ನನಗೆ ಅಧಿಕಾರ ಇಲ್ಲ" ಎಂದು ಕಳಿಸಿದ್ದರು. ಹಿರಿಯರು ಅದನ್ನು ದೂರುವಂತೆ ಹೇಳಲಿಲ್ಲ. "ಅವರೇನ್ಮಾಡ್ತಾರೆ, ಅವರ ಕಾನೂನು" ಅಂದರು.

ನನ್ನ ಪ್ರಶ್ನೆಗಳು ಮುಗಿದ ಮೇಲೆ ಅತ್ತೆ ಹೆದರುತ್ತ ಹೆದರುತ್ತ, "ಒಂಚೂರು ನುಡಿಸ್ತೀರಾ?" ಎಂದು ಕೇಳಿದರು. ಹಿರಿಯರಿಗೆ ಖುಷಿಯಾಯಿತು. ಹುಡುಗರನ್ನು ಕೂಗಿದರು. ನಡುಮಧ್ಯಾಹ್ನ, ಹಟ್ಟಿಯ ಮುಂದಿನ ಹೊಂಗೆ ಮರದ ಕೆಳಗೆ, ಮದುವೆಯಿಲ್ಲ ದೇವರಿಲ್ಲ, ನಮ್ಮಿಬ್ಬರಿಗಾಗಿ ನುಡಿಸಿದರು. ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದರು. ಅದು ವಾಲಗದ ಪರವಶತೆ ಎಂದುಕೊಂಡೆ.

ಮೊದಲ ಸುತ್ತು ಮುಗಿಯಿತು. ನಾನು ಮೈಸೂರಿಗೆ ಓಡಾಡಿಕೊಂಡು ಬರೆಯುತ್ತಿದ್ದೆ. ಅತ್ತೆ ಮತ್ತೆ ದನ, ಗದ್ದೆ, ಒಲೆ ಎಂದು ಮುಳುಗಿದರು. ಆದರೆ ಆಗಾಗ ಬಂದು ಕೇಳುವರು: "ಬಡ್ಡಿ ಇಳೀತಾ?"

"ಇಳೀತಾ ಇದೆ ಅತ್ತೆ."

"ಮತ್ತಿನ್ನೇನು, ಓಗಾದಲ್ವಾ?"

"ಸ್ವಲ್ಪ ದಿನ ಕಾಯ್ಬೇಕು. ಇಳಿದದ್ದು ಜನಕ್ಕೆ ಮುಟ್ಟೋಕೆ ಸಮಯ ಬೇಕು."

"ಬೇಗ ಓಗುವ ಕಣವ್ವ. ಆ ಬಾಣಂತಿ ಮಗ ಇಷ್ಟೊತ್ತಿಗೆ ಅಂಬೆಗಾಲ್ ಇಕ್ಕಿರ್ತದೆ."

ಬೇಗ ಹೋಗೋಣ ಎಂದು ಅವರು ಯಾಕೆ ಅಷ್ಟು ಸಲ ಹೇಳುತ್ತಿದ್ದರೋ ಆಗ ತಿಳಿಯಲಿಲ್ಲ. ಎರಡನೇ ಸುತ್ತು ಶುರುವಾದಾಗ ಅವರು ಸೊರಗಿದ್ದರು. ಬಸ್ಸಿನಲ್ಲಿ ನಿಂತಾಗ ಮೇಲಿನ ಕಂಬಿಯನ್ನು ಎಡಗೈಯಲ್ಲೇ ಹಿಡಿಯುತ್ತಿದ್ದರು. ಕೇಳಿದ್ದಕ್ಕೆ, "ಬುಜ ಇಡ್ಕೊಂಡದೆ, ಬತ್ತ ಕುಟ್ಟಿದ್ದಕ್ಕೆ" ಅಂದರು. ನನ್ನ ಗಂಡ ಮುಲಾಮು ತಂದುಕೊಟ್ಟರು. ಹಚ್ಚಿಕೊಂಡೆ ಎಂದರು.

ಪಿರಿಯಾಪಟ್ಟಣದ ಕಡೆಯ ಹಳ್ಳಿಗಳಿಗೆ ಹೋದಾಗ ಅತ್ತೆಯ ತವರಿನಲ್ಲಿ ಉಳಿದುಕೊಂಡೆವು. ಅಲ್ಲಿ ಅವರ ತಂಗಿ ಇದ್ದರು. ಬೆಳಿಗ್ಗೆ ಅಕ್ಕನಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತೇನೆಂದು ಬಲವಂತವಾಗಿ ಕರೆದುಕೊಂಡು ಹೋದರು. ನಾನು ಜಗಲಿಯಲ್ಲಿ ಕೂತು ಅವತ್ತಿನ ಹಾಳೆಗಳನ್ನು ಜೋಡಿಸುತ್ತಿದ್ದೆ. ಆ ಚಿಕ್ಕತ್ತೆ ಬಚ್ಚಲಿನಿಂದ ಓಡಿಬಂದು, ಒದ್ದೆ ಕೈಯಲ್ಲೇ ನನ್ನ ರಟ್ಟೆ ಹಿಡಿದು ಕೊಟ್ಟಿಗೆಯ ಕಡೆ ಎಳೆದುಕೊಂಡು ಹೋದರು.

"ಎದೇಲಿ ಗಂಟಾಗದೆ ಕಣವ್ವ. ಕಲ್ಲಿದ್ದಂಗದೆ. ಚರ್ಮ ಎಲ್ಲ ಸೆಳ್ಕೊಂಡದೆ. ನಿಂಗ್ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಬಚ್ಚಲಿಗೆ ಹೋದೆ. ಅತ್ತೆ ಸೀರೆ ಸುತ್ತಿಕೊಂಡು ಕಲ್ಲಿನ ಮೇಲೆ ಕೂತಿದ್ದರು. ತಂಗಿ ಹೇಳಿಬಿಟ್ಟಳೆಂದು ತಿಳಿದು ಮುಖ ತಿರುಗಿಸಿದರು.

"ಎಷ್ಟು ದಿನದಿಂದ ಅತ್ತೆ?"

ಅವರು ಸೆರಗಿನ ಅಂಚು ಹಿಂಡತೊಡಗಿದರು.

"ಹೇಳಿ ಅತ್ತೆ."

"ವಾಲಗದೋರ ಊರಿಗೆ ಓಗಿದ್ವಲ್ಲ, ಅದ್ಕೂ ಮುಂಚೆ ಕೈಗ್ ಸಿಕ್ಕಿತ್ತು."

ವರ್ಷಕ್ಕೂ ಮೇಲಾಗಿತ್ತು. "ಯಾಕೆ ಹೇಳ್ಲಿಲ್ಲ?"

"ಏಳಿದ್ರೆ ಏನ್ಮಾಡೀಯ? ಆಸ್ಪತ್ರೆಗ್ ಆಕ್ತೀಯ. ಆಮೇಲ್ ನಿನ್ ಜೊತೆ ಯಾರ್ ಬತ್ತರೆ? ನಿಮ್ಮಾವ ಕಳಿಸ್ತಿದ್ರಾ?" ಅಂದರು. ಆಮೇಲೆ ಮೆಲ್ಲಗೆ, "ನಾನೂ ಎಲ್ಲಿಗ್ ಓಗ್ತಿದ್ದೆ ಏಳು? ಓಗಿ ಅಟ್ಟೀಲಿ ಮನೀಕೋಬೇಕಿತ್ತು. ನೋಯ್ತಿರ್ಲಿಲ್ಲ ಕಣವ್ವ. ನೋಯ್ದೆ ಇದ್ದುದ್ಕೆ ಸುಮ್ನಿದ್ದೆ" ಅಂದರು.

ಅಂದೇ ಕೆಲಸ ನಿಲ್ಲಿಸಿ ಊರಿಗೆ ಬಂದೆವು. ನನ್ನ ಗಂಡ ಶಾಲೆಗೆ ರಜೆ ಹಾಕಿ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಪರೀಕ್ಷೆಗಳಾದವು. ಡಾಕ್ಟರ್ ಗಂಡ ಹೆಂಡತಿ ನಮ್ಮಿಬ್ಬರನ್ನು ಮಾತ್ರ ಒಳಗೆ ಕರೆದು, ಕಂಕುಳಿಗೂ ಹಬ್ಬಿದೆ, ಆಪರೇಷನ್ ಮಾಡೋಣ, ಆದರೆ ಬಹಳ ತಡವಾಗಿದೆ ಎಂದರು. ಒಂದು ವರ್ಷ ಮೊದಲು ಬಂದಿದ್ದರೆ ಎಂದು ನನ್ನ ಗಂಡ ಕೇಳಿದರು. ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿದರು.

ಆಪರೇಷನ್ ಆಯಿತು. ಆಮೇಲೆ ಔಷಧಿ, ವಾಂತಿ, ಕೂದಲು ಉದುರುವುದು. ಮಾವ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತೇ ಇರುತ್ತಿದ್ದರು. ಒಳಗೆ ಬಂದರೆ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. "ಗದ್ದೆಗೆ ನೀರ್ ಬುಟ್ರಾ?" ಎಂದು ಅತ್ತೆಯೇ ಕೇಳುವರು. "ಬುಟ್ಟವ್ರೆ" ಅನ್ನುವರು. ಅಷ್ಟೇ.

ಅವರನ್ನು ಮನೆಗೆ ಕರೆತಂದ ಮೇಲೆ ನಾನು ಸಂಶೋಧನೆ ಬಿಟ್ಟುಬಿಡುವ ಮಾತಾಡಿದೆ. ಅತ್ತೆಗೆ ಸಿಟ್ಟು ಬಂತು. ಅವರು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ.

"ಅಷ್ಟೂರೂ ತಿರುಗ್ಸಿ ಈಗ ಬುಡ್ತೀನಿ ಅಂತೀಯಾ? ಉಳಿದಿರೋ ಮನೆಗೋಗ್ ಬಾ. ಒಬ್ಳೇ ಓಗು. ನಿಮ್ಮಾವಂಗೆ ನಾನ್ ಏಳ್ತೀನಿ."

ಈ ಸಲ ಮಾವ ಬೇಡವೆನ್ನಲಿಲ್ಲ.

ಹಾಗೆ ಉಳಿದ ಮನೆಗಳಿಗೆ ಒಬ್ಬಳೇ ಹೋದೆ. ಪ್ರತಿ ಬಾಗಿಲಲ್ಲೂ ಮೊದಲ ಮಾತು ಒಂದೇ: "ಅಮ್ಮ ಎಲ್ಲಿ? ಬರ್ಲಿಲ್ವಾ?" ಮೊದಲೆರಡು ಕಡೆ, ಹುಷಾರಿಲ್ಲ ಎಂದು ಹೇಳಿ ಪ್ರಶ್ನೆಗೆ ಇಳಿದೆ. ಹುಣಸೂರಿನ ಟೈಲರ್ ಹೆಂಡತಿ ಮಾತ್ರ ಬಿಡಲಿಲ್ಲ. ಕೂರಿಸಿ, ಏನು ಹುಷಾರಿಲ್ಲ, ಯಾವ ಆಸ್ಪತ್ರೆ ಎಂದೆಲ್ಲ ಕೇಳಿದಳು. ಹೇಳಿದೆ. ನನ್ನ ಕೈಯಲ್ಲಿದ್ದ ಹಾಳೆಗಳನ್ನು ತೆಗೆದು ಪಕ್ಕಕ್ಕಿಟ್ಟು, ನಾನು ಅಳುವಷ್ಟು ಹೊತ್ತೂ ಜೊತೆಗೆ ಕೂತಳು. ಆಮೇಲೆ ಒಂದು ಭಾನುವಾರ ಗಂಡನ ಜೊತೆ ಬಸ್ಸು ಹಿಡಿದು ಚುಂಚನಕಟ್ಟೆಗೆ ಬಂದು ಅತ್ತೆಯನ್ನು ನೋಡಿದಳು. ತೋಳು ಊದಿಕೊಂಡು ಹಳೆಯ ಕುಪ್ಪಸ ಏರದಂತಾಗಿದ್ದ ಅತ್ತೆಗೆ ಸಡಿಲವಾದ ಎರಡು ಕುಪ್ಪಸ ಹೊಲಿದು ತಂದಿದ್ದಳು.

ಸಂಜೆ ಮನೆಗೆ ಬಂದರೆ ಅತ್ತೆ ಹಾಸಿಗೆಯಲ್ಲೇ ನನ್ನ ದಾರಿ ಕಾಯುತ್ತಿರುತ್ತಿದ್ದರು. ಬಡ್ಡಿ, ಸಾಲದ ಸುದ್ದಿ ಅವರಿಗೆ ಬೇಕಿರಲಿಲ್ಲ. ಮಗು ನಡೆಯುತ್ತದಾ? ಆ ಹುಡುಗಿಗೆ ಮದುವೆ ಗೊತ್ತಾಯಿತಾ? ಅತ್ತೆ ಸೊಸೆ ಮಾತಾಡುತ್ತಾರಾ? ನಾನು ಈಗ ಒಳಮನೆಗೂ ಹೋಗಿ ಇದನ್ನೆಲ್ಲ ಕೇಳಿಕೊಂಡು ಬರಬೇಕಾಯಿತು. ಮರೆತು ಬಂದರೆ, "ಮತ್ತಿನ್ಯಾಕ್ ಓಗಿದ್ದೆ?" ಎಂದು ಬೇಸರಪಡುವರು.

ಕೊನೆಗೆ ಉಳಿದದ್ದು ವಾಲಗದವರ ಊರು. ಹೋದಾಗ ಹೊಂಗೆ ಮರದ ಕೆಳಗೆ ಹಿರಿಯರು ಒಬ್ಬರೇ ಕೂತಿದ್ದರು. ಹುಡುಗರಲ್ಲಿ ಇಬ್ಬರು ಕೊಡಗಿನ ಎಸ್ಟೇಟಿಗೆ ಹೋಗಿದ್ದರು, ಒಬ್ಬ ವಯನಾಡಿನಲ್ಲಿ ಲಾರಿ ಓಡಿಸುತ್ತಿದ್ದ. ಡೋಲಿನವನು ಇದ್ದ, ಆದರೆ ನಾಗಸ್ವರವಿಲ್ಲದೆ ಬರೀ ಡೋಲಿಗೆ ಯಾರು ಕರೆಯುತ್ತಾರೆ? ಹಿರಿಯರಿಗೆ ಹಲ್ಲು ಉದುರಿ ನಾಗಸ್ವರಕ್ಕೆ ಊದಿದ ಉಸಿರು ನಿಲ್ಲುತ್ತಿರಲಿಲ್ಲ. ಬಡ್ಡಿ ಇಳಿದದ್ದು ಗೊತ್ತೇ ಎಂದು ಕೇಳಬೇಕಿತ್ತು, ಅದು ಪ್ರಶ್ನಾವಳಿಯಲ್ಲಿತ್ತು. ಕೇಳಿದೆ. "ಯಾವ್ ಬಡ್ಡಿ?" ಅಂದರು. ನಾನು ಗುರುತು ಹಾಕಿಕೊಂಡೆ.

ಆ ಸಂಜೆ ಅತ್ತೆ ಕೇಳಿದಾಗ ಇದ್ದದ್ದನ್ನೇ ಹೇಳಿದೆ. "ಅಷ್ಟು ವರ್ಸ ಕೂರ್ಸ್ಕಂಡು ಕಲಿಸಿದ್ರು" ಅಂದರು. ಆಮೇಲೆ ಗೋಡೆ ಕಡೆ ಹೊರಳಿದರು. ಅಡುಗೆ ಮನೆಯಲ್ಲಿ ನನ್ನ ಗಂಡ, "ಚೆನ್ನಾಗಿದ್ದಾರೆ ಅಂತ ಹೇಳಿದ್ರೆ ಆಗ್ತಿತ್ತಲ್ಲ" ಅಂದರು. ಇರಬಹುದು. ಆದರೆ ಅತ್ತೆಗೆ ನಾನು ಒಂದು ಸುಳ್ಳೂ ಹೇಳಿರಲಿಲ್ಲ, ಆಗ ಹೇಳಲು ಬಾಯಿ ಬರಲಿಲ್ಲ.

ಎರಡು ಸುತ್ತಿನ ಹಾಳೆಗಳನ್ನು ಜೋಡಿಸಿ ಲೆಕ್ಕ ಹಾಕಿದಾಗ ಉತ್ತರ ಸ್ಪಷ್ಟವಾಗಿತ್ತು. ಗಿರಣಿ, ಬ್ಯಾರನ್, ಲಾರಿ ಇದ್ದವರು ಬಡ್ಡಿ ಇಳಿದ ಮೇಲೆ ಹೊಸ ಸಾಲ ಪಡೆದು ಕಸುಬು ದೊಡ್ಡದು ಮಾಡಿಕೊಂಡಿದ್ದರು. ಕಲಿಸಿದ ಕೈಗಳು, ಗಳಿಸಿದ ಹೆಸರು ಬಿಟ್ಟರೆ ಬೇರೇನೂ ಇಲ್ಲದವರು ಇದ್ದಲ್ಲೇ ಇದ್ದರು, ಇಲ್ಲವೇ ಇನ್ನೂ ಕುಗ್ಗಿದ್ದರು. ಅವರಲ್ಲಿ ಬಹುಪಾಲು ಜನಕ್ಕೆ ಬಡ್ಡಿ ಇಳಿದ ಸುದ್ದಿಯೇ ತಲುಪಿರಲಿಲ್ಲ. ಮೇಡಂ ಕೋಷ್ಟಕಗಳನ್ನು ನೋಡಿ, "ತುಂಬಾ ಒಳ್ಳೆಯ ಫಲಿತಾಂಶ. ಇಷ್ಟು ನೇರವಾಗಿ ಬರೋದು ಅಪರೂಪ" ಎಂದರು. ಒಳ್ಳೆಯ ಫಲಿತಾಂಶ ಎಂಬ ಮಾತನ್ನು ಕೇಳಿಕೊಂಡು ಬಸ್ಸು ಹತ್ತಿದೆ. ಅವರ ತಪ್ಪೇನಿಲ್ಲ. ನಮ್ಮ ಸಂಶೋಧಕರಲ್ಲಿ ಹಾಗೆಯೇ ಹೇಳುವುದು.

ಅತ್ತೆ ನಾಟಿಯ ದಿನಗಳಲ್ಲಿ ತೀರಿಕೊಂಡರು. ಬೆಳಗಿನ ಹೊತ್ತು, ಆಳುಗಳೆಲ್ಲ ಗದ್ದೆಗೆ ಇಳಿದಿದ್ದರು. ಗಂಜಿ ಕುಡಿಸಲು ಹೋದಾಗ ಬೇಡವೆಂದು ತಲೆಯಾಡಿಸಿದರು. ನನ್ನ ಕೈ ಹಿಡಿದುಕೊಂಡರು. ಏನೋ ಹೇಳಲು ಹೊರಟರು, ನನಗೆ ತಿಳಿಯಲಿಲ್ಲ. ಕಿವಿ ಹತ್ತಿರ ತಂದೆ. ಆಗಲೂ ತಿಳಿಯಲಿಲ್ಲ. "ಆಯ್ತತ್ತೆ" ಅಂದೆ. ಏನಕ್ಕೆ ಆಯ್ತು ಅಂದೆನೋ ಇವತ್ತಿಗೂ ಗೊತ್ತಿಲ್ಲ. ಮಾವನನ್ನು ಕರೆತರಲು ಯಾರೋ ಗದ್ದೆಗೆ ಓಡಿದರು. ಕೆಸರು ಕಾಲಲ್ಲೇ ಬಂದು ಬಾಗಿಲಲ್ಲಿ ನಿಂತವರು ಒಳಗೆ ಬರಲು ಬಹಳ ಹೊತ್ತು ತೆಗೆದುಕೊಂಡರು.

ಪ್ರಬಂಧ ಬರೆಯುವಾಗ, ಮಾಹಿತಿ ಸಂಗ್ರಹಿಸಿದ ವಿಧಾನದ ಅಧ್ಯಾಯದಲ್ಲಿ ಒಂದು ವಾಕ್ಯ ಸೇರಿಸಿದ್ದೆ: ಸಂಶೋಧಕಿಯ ಜೊತೆಯಲ್ಲಿ ಆಕೆಯ ಅತ್ತೆಯೂ ಇದ್ದರು, ಮನೆಯ ಹೆಂಗಸರು ಮುಕ್ತವಾಗಿ ಮಾತಾಡಿದ್ದು ಅವರಿಂದಾಗಿ. ಮೇಡಂ ಅದನ್ನು ಹೊಡೆದುಹಾಕಿ, "ಇದು ಇಲ್ಲಿ ಬೇಡಮ್ಮ. ಕೃತಜ್ಞತೆಯಲ್ಲಿ ಬರೀ" ಎಂದು ಅಂಚಿನಲ್ಲಿ ಬರೆದರು. ಕೃತಜ್ಞತೆಯ ಪುಟದಲ್ಲಿ ಅತ್ತೆಯೂ ನನ್ನ ಗೈಡ್, ಗ್ರಂಥಪಾಲಕರು, ಟೈಪ್ ಮಾಡಿಕೊಟ್ಟವರು ಇವರ ಜೊತೆ ಒಂದು ಸಾಲಿನಲ್ಲಿ ಸೇರಿಕೊಂಡರು.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಲೆಕ್ಕದ ಬಗ್ಗೆ ಬಹಳ ಕೇಳಿ, ಕೊನೆಗೆ ಕನ್ನಡಕ ತೆಗೆದು, "ಇಷ್ಟು ವಿವರ ಜನ ಹೇಗೆ ಬಿಟ್ಟುಕೊಟ್ಟರು ನಿಮಗೆ? ನಮ್ಮ ಹುಡುಗರು ಹೋದರೆ ಬಾಗಿಲೇ ತೆಗೆಯೋದಿಲ್ಲ" ಅಂದರು. "ನಮ್ಮತ್ತೆ" ಅಂದೆ. ಅಷ್ಟಕ್ಕೇ ನಿಂತಿತು. ಅವರು ನೀರಿನ ಲೋಟವನ್ನು ನನ್ನತ್ತ ತಳ್ಳಿದರು. ಆಮೇಲೆ, "ಇರಲಿ, ಆಯ್ತು" ಎಂದು ಎದ್ದರು.

ಪದವಿ ಬಂತು. ಹುಣಸೂರಿನ ಕಾಲೇಜೊಂದರಲ್ಲಿ ಕೆಲಸವೂ ಸಿಕ್ಕಿತು. ಅಲ್ಲಿ ಸಹೋದ್ಯೋಗಿಯೊಬ್ಬರು ಈ ಕಥೆ ಕೇಳಿ, "ನಿಮ್ಮತ್ತೆಯೇ ನಿಮ್ಮ ಕಾಣದ ಹೂಡಿಕೆ ಅನ್ನಿ" ಎಂದು ನಕ್ಕರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಅದು ರುಚಿಸಲಿಲ್ಲ. ಅತ್ತೆಗೆ ಬಸ್ಸಿನಲ್ಲಿ ಕೂತು ಊರು ನೋಡುವುದು, ಹೊಸ ಮನೆಯ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಮಾತಾಡುವುದು ಇಷ್ಟವಾಗಿತ್ತು. ಅದು ತಮಗೆ ಸಿಕ್ಕಿತಲ್ಲ, ತಪ್ಪಿಹೋಗಬಾರದು ಎಂದು ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು.

ಕೆಲಸಕ್ಕೆ ಸೇರಿದ ವರ್ಷ, ಒಂದು ದಿನ ಮಾವ ನನ್ನ ಬಳಿ ಬಂದು ನಿಂತರು. ಏನೋ ಕೇಳಬೇಕು, ಆಗುತ್ತಿಲ್ಲ.

"ಏನ್ ಮಾವ?"

"ಆ ವಾಲಗದೋರು ಅಂತಿದ್ರಲ್ಲ ನೀವು. ಅವ್ಳು ಅದ್ನೇ ಏಳ್ತಿದ್ಲು. ನಾನ್ ಸರ್ಯಾಗ್ ಕೇಳ್ಸ್ಕೊಳ್ಳಿಲ್ಲ. ಒಂದ್ಸಾರಿ ಆ ಊರ್ ತೋರುಸ್ತೀಯವ್ವ?"

ಕರೆದುಕೊಂಡು ಹೋದೆ. ಎರಡು ಬಸ್ಸು ಬದಲಾಯಿಸಿ, ಆಮೇಲೆ ಬಿಸಿಲಲ್ಲಿ ನಡೆಯಬೇಕು. ವಾಲಗದ ಹಿರಿಯರು ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದರಂತೆ. ಅವರ ಸೊಸೆ ಹೊರಗೆ ಬಂದು, ನನ್ನ ಗುರುತು ಹಿಡಿದು, ಮಾವನ ಕಡೆ ನೋಡಿದಳು. "ಅಮ್ಮನ ಯಜಮಾನ್ರಾ?" ಅಂದಳು. ಮಾವ ತಲೆಯಾಡಿಸಿದರು. ಅವಳು ಚಾಪೆ ತಂದು ಹೊಂಗೆ ಮರದ ಕೆಳಗೆ ಹಾಸಿ, "ಇಲ್ಲೇ ಕೂತಿತ್ತು ಅಮ್ಮ. ಎಷ್ಟ್ ನಗ್ತಿತ್ತು!" ಅಂದಳು.

ಮಾವ ಆ ಚಾಪೆಯ ಮೇಲೆ ಕೂತು ಸುತ್ತಲೂ ನೋಡಿದರು. ಎದುರಿಗೆ ಕಾಡಿನ ಅಂಚು, ಈ ಕಡೆ ಹತ್ತಿ ಹೊಲ, ಮೇಯುತ್ತಿದ್ದ ಒಂದೆರಡು ಮೇಕೆ. ನೋಡುವಂಥದ್ದು ಬೇರೇನೂ ಇರಲಿಲ್ಲ.

"ಇಷ್ಟ್ ದೂರ ಬತ್ತಿದ್ಲಾ?" ಎಂದು ಕೇಳಿದರು.

"ಹೂಂ ಮಾವ."

ಆ ಹೆಂಗಸು ಕೊಟ್ಟ ಮಜ್ಜಿಗೆಯನ್ನು ಅರ್ಧ ಕುಡಿದು ಎದ್ದರು. ನಾವು ಕೆ.ಆರ್.ನಗರ ತಲುಪುವಾಗ ಸಂಜೆಯಾಗಿತ್ತು. ನನ್ನ ಗಂಡ ಸ್ಕೂಟರ್ ತಂದು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಮಾವ ಮಗನ ಹಿಂದೆ ಕೂತು ಹೊರಟರು. ನಾನು ಮುಂದಿನ ಬಸ್ಸಿಗೆ ಮನೆಗೆ ಬಂದಾಗ, ಅವರು ಕಾಲು ತೊಳೆದುಕೊಂಡು, ಊಟ ಬೇಡವೆಂದು ಹೇಳಿ ಮಲಗಿಬಿಟ್ಟಿದ್ದರು. ಆ ಊರಿನ ಮಾತನ್ನು ಮತ್ತೆ ತೆಗೆಯಲಿಲ್ಲ. ನಾನೂ ಆಮೇಲೆ ಮನೆ ಮನೆಗೆ ಹೋಗಿ ಕೇಳುವಂಥ ಸಂಶೋಧನೆಗೆ ಕೈಹಾಕಲಿಲ್ಲ. ಅಚ್ಚಾಗಿ ಬರುವ ಅಂಕಿ ಅಂಶಗಳನ್ನೇ ಇಟ್ಟುಕೊಂಡು ಬರೆದೆ.